ಸಹಾಯ ಬೇಕು: ಜಿಪ್ಸಿಗೆ ಡಿಫರೆನ್ಷಿಯಲ್ ಲಾಕರ್ ಮುಂದಕ್ಕಾ, ಹಿಂದಕ್ಕಾ?

ಎಲ್ಲರಿಗೂ ನಮಸ್ಕಾರ. ಕೋಲಾರದ ಹತ್ತಿರ ನಮ್ಮ ಭಾವನವರ ಜಮೀನಲ್ಲಿ, ಟೊಮೆಟೊ ತೋಟ ದಾಟಿದ ಮೇಲೆ, ಒಂದು ಬಂಡೆ ದಾರಿ ಇದೆ (ಕಾಡಲ್ಲ, ಸ್ವಂತ ಜಾಗ, ಬೈಬೇಡಿ). ನನ್ನದು ಹಳೇ ಮಾರುತಿ ಜಿಪ್ಸಿ ಜೀಪು. 2 ಇಂಚು ಎತ್ತರ ಮಾಡಿಸಿದ್ದೀನಿ, ಟೈರ್ 31 ಇಂಚು. ಮುಂದಿನ, ಹಿಂದಿನ ಡಿಫರೆನ್ಷಿಯಲ್ (ಎಡ-ಬಲ ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಜೋಡಣೆ) ಎರಡೂ ಮಾಮೂಲಿ, ಅಂದ್ರೆ ಎರಡು ಚಕ್ರವನ್ನೂ ಒಟ್ಟಿಗೇ ತಿರುಗಿಸೋ ಲಾಕರ್ ಇಲ್ಲ.

ಮಧ್ಯದಲ್ಲಿ ಮೆಟ್ಟಿಲಿನ ಥರ ಮೊಣಕಾಲೆತ್ತರದ ಕಲ್ಲು. ಓರೆಯಾಗಿ ಹತ್ತಿಸಿದ್ರೆ ಎಡ ಮುಂದಿನ ಚಕ್ರ, ಬಲ ಹಿಂದಿನ ಚಕ್ರ ಎರಡೂ ಗಾಳಿಯಲ್ಲಿ ಗಿರಗಿರ ತಿರುಗ್ತವೆ. ನೆಲದ ಮೇಲಿರೋವು ಅಲ್ಲಾಡೋದೇ ಇಲ್ಲ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆತದ ಗೇರ್), ಮೊದಲನೇ ಗೇರ್, ಟೈರ್ ಗಾಳಿ 18 ಪಿಎಸ್‌ಐಗೆ ಇಳಿಸಿ ನೋಡಿದೆ. ಎಡಗಾಲಲ್ಲಿ ಬ್ರೇಕ್ ಒತ್ತಿ ಆಕ್ಸಿಲರೇಟರ್ ಕೊಟ್ಟೆ, ಒಂದಡಿ ಹತ್ತಿ ಇಂಜಿನ್ ಆಫ್. ಕಲ್ಲು ಪೇರಿಸಿ ದಾಟಿಸಿದ್ದೂ ಆಯ್ತು, ಅದು ಹತ್ತಿದ ಲೆಕ್ಕ ಅಲ್ಲ ಬಿಡಿ. ಸ್ಪೀಡಾಗಿ ನುಗ್ಗಿಸೋಕೆ ಮಾತ್ರ ಧೈರ್ಯ ಇಲ್ಲ, ಆಕ್ಸಲ್ ಮುರಿದ್ರೆ ಮನೆಯವಳಿಗೆ ಉತ್ತರ ಕೊಡೋರು ಯಾರು!

ದುಡ್ಡು ಇರೋದು ಒಂದೇ ಲಾಕರ್‌ಗೆ. ಮುಂದೆ ಹಾಕಿದ್ರೆ ಸ್ಟೀರಿಂಗ್ ಬಿಗಿ, ತಿರುಗಿಸಿದಾಗ ಮುಂದಿನ ಆಕ್ಸಲ್ ಜಾಯಿಂಟ್ ಮುರಿದು ಹೋಗೋ ಭಯ. ಏರಲ್ಲಿ ಭಾರ ಹಿಂದಕ್ಕೆ ಬೀಳೋದ್ರಿಂದ ಹಿಂದೇನೇ ಸರಿ ಅನ್ಸುತ್ತೆ. ಆದ್ರೆ ಮುಂದಿನ ಚಕ್ರವೂ ಎದ್ದಿರುವಾಗ ಹಿಂದಿನ ಲಾಕರ್ ಒಂದೇ ಈ ಕಲ್ಲು ಹತ್ತಿಸುತ್ತಾ? ಹಾಕಿಸಿಕೊಂಡಿರೋರು ದಯವಿಟ್ಟು ಹೇಳಿ.