ತಂತಿಯಿಲ್ಲದ ವ್ಯಾಕ್ಯೂಮ್ ಕ್ಲೀನರ್ ಎರಡೂವರೆ ನಿಮಿಷಕ್ಕೆ ನಿಲ್ಲುತ್ತಿದೆ: ಬ್ಯಾಟರಿ ಬದಲಿಸಬೇಕೇ?

ತುಂಗಾತೀರ (ತೀರ್ಥಹಳ್ಳಿ):
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮೂರು ವರ್ಷ ಹಳೆಯ, ಕೈಯಲ್ಲಿ ಹಿಡಿದು ಓಡಾಡಿಸುವ ಕೋಲಿನ ಮಾದರಿಯ ವ್ಯಾಕ್ಯೂಮ್ ಕ್ಲೀನರ್ ಇದೆ. ಬ್ಯಾಟರಿಯ ಮೇಲೆ 21.6 ವೋಲ್ಟ್, 2500 ಎಂಎಎಚ್ ಎಂದಿದೆ. ಮೋಟಾರು 350 ವ್ಯಾಟ್. ಕೊಂಡಾಗ ಗರಿಷ್ಠ ವೇಗದಲ್ಲಿ ಎಂಟು ನಿಮಿಷ ಓಡುತ್ತಿತ್ತು. ಈ ಮಳೆಗಾಲ ಹಿಡಿದ ಮೇಲೆ ಎರಡೂವರೆ ನಿಮಿಷಕ್ಕೆ ಕೆಂಪು ದೀಪ ಮಿನುಗಿಸಿ ನಿಂತುಬಿಡುತ್ತದೆ. ಕಡಿಮೆ ವೇಗದಲ್ಲಿ ಇಪ್ಪತ್ತೈದು ನಿಮಿಷ ಓಡುತ್ತದೆ, ಆದರೆ ಎಳೆತವೇ ಇಲ್ಲ. ಜಗಲಿಯ ಕೆಂಪು ಗಾರೆ ನೆಲದ ಮೇಲೆ ಉದುರಿದ ಅಡಿಕೆ ಸಿಪ್ಪೆಯ ಪುಡಿ ಯಂತ್ರದ ಬಾಯಿಯ ಮುಂದೆ ಅತ್ತಿತ್ತ ಸರಿಯುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ.

ರಿಪೇರಿಯವರೊಬ್ಬರು ಯಂತ್ರ ನೋಡದೆ ಫೋನಿನಲ್ಲೇ ‘ಬ್ಯಾಟರಿ ಹೋಗಿದೆ, ನಾಲ್ಕೂವರೆ ಸಾವಿರ’ ಎಂದರು. ನಮ್ಮ ಕಡೆ ಸಂಜೆ ವೋಲ್ಟೇಜ್ 170ಕ್ಕೆ ಇಳಿಯುತ್ತದೆ, ಅದರಿಂದ ಚಾರ್ಜ್ ಅರೆಬರೆ ಆಗುತ್ತಿದೆಯೇ ಎಂಬ ಅನುಮಾನವೂ ಇದೆ. ಇನ್ನೊಂದು ಮಾತು: ಎಳೆತ ಚೆನ್ನಾಗಿದ್ದ ದಿನಗಳಲ್ಲಿ ಕಿಟಕಿ ಪರದೆ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಫ್ಯಾನಿಗೆ ಇರುವಂತೆ ಇದಕ್ಕೂ ಒಂದು ರೆಗ್ಯುಲೇಟರ್ ಕೂರಿಸಬಹುದೇ?

ಗಾಜನೂರು (ಶಿವಮೊಗ್ಗ):
ಬ್ಯಾಟರಿಯೇ, ಸಂಶಯವಿಲ್ಲ. ಒಳಗೆ 18650 ಅಳತೆಯ ಆರು ಸೆಲ್ ಇರುತ್ತವೆ. 2500ರ ಬದಲು 3500 ಎಂಎಎಚ್ ಸೆಲ್ ಹಾಕಿಸಿ, ಹೊಸತಕ್ಕಿಂತ ಜಾಸ್ತಿ ಓಡುತ್ತದೆ. ನಾನೂ ಆರು ತರಿಸಿದ್ದೇನೆ.

ಬೆಸುಗೆಕಡ್ಡಿ (ಸಾಗರ):
ತುಂಗಾತೀರ ಅವರೇ, ದುಡ್ಡು ಬಿಚ್ಚುವ ಮೊದಲು ಸ್ವಲ್ಪ ನಿಲ್ಲಿ. ನೀವು ಹೇಳಿದ್ದರಲ್ಲಿ ಎರಡು ದೂರುಗಳಿವೆ, ಎರಡಕ್ಕೂ ಒಂದೇ ಕಾರಣ ಇರಬೇಕಾಗಿಲ್ಲ. ಕಡಿಮೆ ವೇಗದಲ್ಲಿ ಮೋಟಾರು ಎಳೆಯುವುದು ಹೆಚ್ಚೆಂದರೆ ಮೂರು ಆಂಪಿಯರ್. ಮುದಿ ಬ್ಯಾಟರಿಯೂ ಅಷ್ಟನ್ನು ಕೊಡುತ್ತದೆ. ಹಾಗಿದ್ದೂ ಪುಡಿ ಮೇಲೇಳದಿದ್ದರೆ ಗಾಳಿಯ ದಾರಿ ಕಟ್ಟಿಕೊಂಡಿದೆ ಎಂದೇ ಅರ್ಥ.

ಕಿವಿಗೊಟ್ಟು ಕೇಳಿ. ದಾರಿ ಕಟ್ಟಿದ್ದರೆ ಮೋಟಾರಿನ ಧ್ವನಿ ಕೀರಲಾಗಿ ಮೇಲೇರುತ್ತದೆ. ಬ್ಯಾಟರಿ ಸೋತಿದ್ದರೆ ಧ್ವನಿ ಸಣ್ಣಗೆ ಕೆಳಗಿಳಿಯುತ್ತದೆ. ನಂತರ ಕಸದ ಡಬ್ಬಿ ಖಾಲಿ ಮಾಡಿ ಒರೆಸಿ, ಫಿಲ್ಟರ್ ತೆಗೆದು, ಬಾಯಿಯನ್ನು ನೆಲದಿಂದ ಮೇಲೆತ್ತಿ ಹಿಡಿದು ಹತ್ತು ಸೆಕೆಂಡ್ ಮಾತ್ರ ಓಡಿಸಿ. ಫಿಲ್ಟರ್ ಇಲ್ಲದೆ ನೆಲ ಗುಡಿಸಲು ಮಾತ್ರ ಹೋಗಬೇಡಿ, ದೂಳು ನೇರವಾಗಿ ಮೋಟಾರಿಗೆ ಹೋಗುತ್ತದೆ.

ವೋಲ್ಟೇಜ್ ಚಿಂತೆ ಬಿಡಿ. ಚಾರ್ಜರಿನ ಬೆನ್ನ ಮೇಲೆ 100–240 ವೋಲ್ಟ್ ಎಂದು ಅಚ್ಚಾಗಿದ್ದರೆ 170 ಅದಕ್ಕೆ ಲೆಕ್ಕಕ್ಕೇ ಇಲ್ಲ.

ತುಂಗಾತೀರ:
ಸರ್, ನೀವು ಹೇಳಿದ್ದು ನಿಜ. ಫಿಲ್ಟರ್ ತೆಗೆದ ಕೂಡಲೇ ಕೀರಲು ಧ್ವನಿ ಇಳಿದು ‘ಗುಂ’ ಎಂದಿತು, ಬಾಯಿಗೆ ಅಂಗೈ ಒಡ್ಡಿದರೆ ಜಗ್ಗಿತು. ತಪ್ಪು ಒಪ್ಪಿಕೊಳ್ಳುತ್ತೇನೆ: ಜೂನ್‌ನಲ್ಲಿ ಫಿಲ್ಟರ್ ತೊಳೆದಿದ್ದೆವು. ನಾಲ್ಕು ದಿನವಾದರೂ ಒಣಗಲಿಲ್ಲವೆಂದು ಅಮ್ಮ ಅದನ್ನು ಬಚ್ಚಲೊಲೆಯ ಮೇಲೆ ಬಟ್ಟೆ ಹರವುವ ಹಗ್ಗಕ್ಕೆ ಸಿಕ್ಕಿಸಿದ್ದರು. ಈಗ ಮೂಸಿ ನೋಡಿದರೆ ಹೊಗೆಯ ವಾಸನೆ, ಮಡಿಕೆಗಳ ನಡುವೆ ಕಂದು ಅಂಟು.

ಬೇರೊಂದು ಫಿಲ್ಟರ್ ತಂದು ಹಾಕಿದೆ. ಎಳೆತ ಬಂತು. ಆದರೆ ವಿಚಿತ್ರ ನೋಡಿ, ಗರಿಷ್ಠ ವೇಗದಲ್ಲಿ ಮೊದಲು ಎರಡೂವರೆ ನಿಮಿಷ ಓಡುತ್ತಿದ್ದದ್ದು ಈಗ ಒಂದು ನಿಮಿಷ ನಲವತ್ತು ಸೆಕೆಂಡಿಗೇ ನಿಲ್ಲುತ್ತಿದೆ! ರಿಪೇರಿ ಮಾಡಿ ಕೆಡಿಸಿದಂತಾಯಿತೇ?

ಬೆಸುಗೆಕಡ್ಡಿ:
ಕೆಡಿಸಿಲ್ಲ. ಮುಚ್ಚಿಕೊಂಡಿದ್ದ ಎರಡನೆಯ ದೋಷ ಈಗ ಹೊರಬಿದ್ದಿದೆ.

ಬಾಯಿ ಕಟ್ಟಿದರೆ ಮೋಟಾರಿಗೆ ಕಷ್ಟವಾಗುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ನಿಜ ಸಂಗತಿ ತಿರುಗುಮುರುಗು. ಫ್ಯಾನು ಮಾಡುವ ಕೆಲಸ ಗಾಳಿಯನ್ನು ಎತ್ತಿ ಎಸೆಯುವುದು. ಗಾಳಿಯೇ ಬರದಿದ್ದರೆ ಅದು ಬರಿದೇ ಸುತ್ತುತ್ತದೆ, ಕರೆಂಟು ಕಡಿಮೆ ಎಳೆಯುತ್ತದೆ. ಧ್ವನಿ ಕೀರಲಾಗುವುದೂ ಅದಕ್ಕೇ. ನಿಮ್ಮ ಹೊಗೆ ಹಿಡಿದ ಫಿಲ್ಟರ್ ಇಷ್ಟು ದಿನ ಬ್ಯಾಟರಿಯ ಹೊರೆ ಇಳಿಸಿ, ಅದರ ಮಾನ ಕಾಪಾಡುತ್ತಿತ್ತು. ಈಗ ದಾರಿ ತೆರೆದಿದೆ, ಮೋಟಾರು ಪೂರ್ತಿ 16 ಆಂಪಿಯರ್ ಕೇಳುತ್ತಿದೆ, ಬ್ಯಾಟರಿಗೆ ಆಗುತ್ತಿಲ್ಲ.

ಆದರೂ ಆರೂ ಸೆಲ್ ಸತ್ತಿವೆ ಎಂದು ಈಗಲೇ ಹೇಳಲಾರೆ. ಒಂದು ಸೋತರೂ ಸಾಕು. ಆರರಲ್ಲಿ ಯಾವುದೇ ಒಂದರ ವೋಲ್ಟೇಜ್ ಮಿತಿಗಿಂತ ಕೆಳಗಿಳಿದರೆ ಪ್ಯಾಕಿನೊಳಗಿನ ಕಾವಲು ಸರ್ಕ್ಯೂಟು (ಬಿಎಂಎಸ್) ಇಡೀ ಪ್ಯಾಕನ್ನು ನಿಲ್ಲಿಸುತ್ತದೆ. ಪೂರ್ತಿ ಚಾರ್ಜ್ ಮಾಡಿ ಎರಡು ಗಂಟೆ ಬಿಟ್ಟು, ಪ್ಯಾಕಿನ ಸ್ಕ್ರೂ ಬಿಚ್ಚಿ. ಕೈಯಲ್ಲಿ ಉಂಗುರ, ವಾಚು ಬೇಡ. ಮಲ್ಟಿಮೀಟರಿನಿಂದ ಪ್ರತಿ ಸೆಲ್ ಅಳೆಯಿರಿ. ಆಮೇಲೆ ಕಾರಿನ 12 ವೋಲ್ಟ್, 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸಿ ಪ್ಯಾಕಿಗೆ ಕೊಟ್ಟರೆ ಸುಮಾರು 4.5 ಆಂಪಿಯರ್ ಹೊರೆ ಬೀಳುತ್ತದೆ. ಬಲ್ಬು ಉರಿಯುತ್ತಿರುವಾಗಲೇ ಇನ್ನೊಮ್ಮೆ ಅಳೆಯಿರಿ, ಪ್ರತಿ ಸಲ ಹತ್ತು ಸೆಕೆಂಡ್ ಸಾಕು. ಸೆಲ್ ಉಬ್ಬಿದ್ದರೆ ಅಥವಾ ಸಿಹಿ ಸಿಹಿ ದ್ರಾವಕದ ವಾಸನೆ ಬಂದರೆ ಏನೂ ಮಾಡದೆ ಪ್ಯಾಕನ್ನು ಅಂಗಳಕ್ಕೆ ಒಯ್ದು ಇಡಿ.

ತುಂಗಾತೀರ:
ತಮ್ಮನನ್ನು ಬಲ್ಬು ಹಿಡಿಯಲು ನಿಲ್ಲಿಸಿಕೊಂಡು ಅಳೆದೆ. ಸುಮ್ಮನಿದ್ದಾಗ ಐದು ಸೆಲ್ಲುಗಳು 4.10ರಿಂದ 4.12, ನಾಲ್ಕನೆಯದು ಮಾತ್ರ 3.93. ಬಲ್ಬು ಉರಿಯುವಾಗ ಐದೂ 3.98ರ ಆಸುಪಾಸು, ನಾಲ್ಕನೆಯದು 3.57ಕ್ಕೆ ಕುಸಿಯಿತು. ಅದೊಂದನ್ನೇ ಬದಲಿಸಿದರೆ ಆಗದೇ?

ಬೆಸುಗೆಕಡ್ಡಿ:
ಕಳ್ಳ ಸಿಕ್ಕಿದ. ಲೆಕ್ಕ ಹಾಕಿ: 4.5 ಆಂಪಿಯರಿಗೆ 0.36 ವೋಲ್ಟ್ ಕುಸಿತ ಎಂದರೆ ಒಳರೋಧ 80 ಮಿಲಿಓಮ್. ಉಳಿದವು 30ರ ಹತ್ತಿರ. ಅದೇ ಸೆಲ್ 16 ಆಂಪಿಯರ್ ಕೊಡುವಾಗ 1.28 ವೋಲ್ಟ್ ಒಳಗೇ ಕರಗುತ್ತದೆ, ಉಳಿಯುವುದು 2.65. ಇಂತಹ ಸೆಲ್ಲುಗಳ ಕೆಳಮಿತಿ ಸಾಮಾನ್ಯವಾಗಿ 2.5. ಇನ್ನೊಂದಿಷ್ಟು ಖಾಲಿಯಾದ ಕೂಡಲೇ ಕೆಂಪು ದೀಪ. ನಿಮ್ಮ ಒಂದು ನಿಮಿಷ ನಲವತ್ತು ಸೆಕೆಂಡ್ ಅದೇ.

ಒಂದನ್ನೇ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಹೊಸ ಎತ್ತಿನ ಜೊತೆ ಐದು ಮುದಿ ಎತ್ತು ಕಟ್ಟಿದಂತೆ. ಆರು ತಿಂಗಳಿಗೆ ಮತ್ತೆ ಪ್ಯಾಕ್ ಬಿಚ್ಚುತ್ತೀರಿ. ಆರನ್ನೂ ಬದಲಿಸಿ.

ಈಗ ಗಾಜನೂರು ಅವರ ಸಲಹೆಗೆ ಬರುತ್ತೇನೆ. 3500 ಎಂಎಎಚ್ ಸೆಲ್ ದೊಡ್ಡ ಹಂಡೆಯೇನೋ ಹೌದು, ಆದರೆ ನಲ್ಲಿ ಸಣ್ಣದು. ಅವುಗಳಲ್ಲಿ ಹೆಚ್ಚಿನವು ನಿರಂತರವಾಗಿ ಕೊಡಬಲ್ಲದ್ದು 8ರಿಂದ 10 ಆಂಪಿಯರ್. ನಿಮಗೆ ಬೇಕಾದದ್ದು 16. ಸ್ಯಾಮ್‌ಸಂಗ್ 25ಆರ್ ಎಂಬ ಸೆಲ್ 2500 ಎಂಎಎಚ್, 20 ಆಂಪಿಯರಿನದು; ಆ ವರ್ಗದ್ದನ್ನು ಕೇಳಿ. ‘9900 ಎಂಎಎಚ್’ ಎಂದು ಬರೆದ 18650 ಕಂಡರೆ ಅಂಗಡಿಯಿಂದಲೇ ಹೊರಡಿ, ಅಷ್ಟು ಆ ಡಬ್ಬಿಯಲ್ಲಿ ಹಿಡಿಯುವುದೇ ಇಲ್ಲ. ತೂಕ ಹಾಕಿ ನೋಡಿ: ಅಸಲಿ ಸೆಲ್ ಸುಮಾರು 45 ಗ್ರಾಂ ಇರುತ್ತದೆ.

ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬೇಡಿ (ನನ್ನ ಹೆಸರು ನೋಡಿ ಮೋಸಹೋಗಬೇಡಿ), ಬಿಸಿಗೆ ಒಳಪದರ ಕೆಡುತ್ತದೆ. ವಿದ್ಯುತ್ ಸ್ಕೂಟರಿನ ಬ್ಯಾಟರಿ ಕಟ್ಟುವವರ ಬಳಿ ಸ್ಪಾಟ್ ವೆಲ್ಡಿಂಗ್ ಯಂತ್ರ ಇರುತ್ತದೆ. ಅವರು ಹಾಕುವ ಪಟ್ಟಿ ಶುದ್ಧ ನಿಕಲ್ ಹೌದೇ ಎಂದು ಕೇಳಿ. ಗೀರಿದ ತುಂಡೊಂದನ್ನು ಉಪ್ಪುನೀರಲ್ಲಿ ರಾತ್ರಿಯಿಡೀ ಬಿಟ್ಟರೆ ನಿಕಲ್ ಲೇಪದ ಉಕ್ಕು ತುಕ್ಕು ಕಾರುತ್ತದೆ.

ರೆಗ್ಯುಲೇಟರಿನ ವಿಷಯ. ಮೋಟಾರಿನ ದಾರಿಯಲ್ಲಿ ರೆಸಿಸ್ಟರ್ ತೂರಿಸಬೇಡಿ, ಬ್ಯಾಟರಿಯ ಶಕ್ತಿ ಬಿಸಿಯಾಗಿ ಹೋಗುತ್ತದೆ. ಪರದೆಗೆ ಕೊಳವೆಯ ಪಕ್ಕದ ಗಾಳಿಕಿಂಡಿ ತೆರೆಯಿರಿ; ಆದರೆ ಅದರಿಂದ ಬ್ಯಾಟರಿ ಉಳಿಯುವುದಿಲ್ಲ, ಮೇಲೆ ಹೇಳಿದ ಕಾರಣಕ್ಕೇ. ಉಳಿಸಬೇಕಾದರೆ ವೇಗ ಇಳಿಸಿ. ಫ್ಯಾನಿನ ವೇಗ ಐದರಲ್ಲಿ ಒಂದು ಪಾಲು ತಗ್ಗಿದರೆ ಎಳೆತ ಮೂರರಲ್ಲಿ ಒಂದು ಪಾಲು ತಗ್ಗುತ್ತದೆ, ಆದರೆ ವಿದ್ಯುತ್ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ. ಗಾರೆ ನೆಲಕ್ಕೆ ನಡುವಿನ ವೇಗ ಧಾರಾಳವಾಯಿತು.

ತುಂಗಾತೀರ:
ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ. ಶಿವಮೊಗ್ಗಕ್ಕೆ ಹೋಗಿ ಆರೂ ಸೆಲ್ ಬದಲಿಸಿಕೊಂಡು ಬಂದೆ, ಪ್ಯಾಕಿನ ಅರ್ಧ ಬೆಲೆಯೂ ಆಗಲಿಲ್ಲ. ಜೋಡಿಸಿದ ಮೇಲೆ ಯಂತ್ರ ಉಸಿರೇ ಎತ್ತಲಿಲ್ಲ, ಎದೆ ಧಸಕ್ಕೆಂದಿತು. ಚಾರ್ಜರಿಗೆ ಸಿಕ್ಕಿಸಿದಾಗ ಎಚ್ಚರಗೊಂಡಿತು. ಈಗ ಗರಿಷ್ಠ ವೇಗದಲ್ಲಿ ಎಂಟು ನಿಮಿಷ.

ಎಳೆತ ಅಳೆಯಲು ಗಾರೆ ಕೆಲಸದವರ ಮಟ್ಟದ ಪೈಪು ಬಳಸಿದೆ. ಒಂದು ತುದಿ ಬಕೆಟ್ಟಿನ ನೀರಿನಲ್ಲಿ, ಇನ್ನೊಂದು ತುದಿ ಯಂತ್ರದ ಬಾಯಿಗೆ ಚಿಂದಿ ಬಟ್ಟೆ ಸುತ್ತಿ. ಕಡಿಮೆ ವೇಗದಲ್ಲಿ ನೀರು ಹಳೆಯ ಫಿಲ್ಟರಿನಲ್ಲಿ ಎರಡು ಗೇಣೂ ಏರಲಿಲ್ಲ, ಹೊಸದರಲ್ಲಿ 62 ಸೆಂಟಿಮೀಟರ್ ಏರಿತು.

ಬೆಸುಗೆಕಡ್ಡಿ:
ಹತ್ತು ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಪಾಸ್ಕಲ್, ಅಂದರೆ ಆರರ ಮೇಲೆ. ಚೆನ್ನಾಗಿದೆ. ಗರಿಷ್ಠ ವೇಗದಲ್ಲಿ ಮಾತ್ರ ಈ ಪ್ರಯೋಗ ಬೇಡ, ನೀರು ಆಳೆತ್ತರ ದಾಟಿ ಮೋಟಾರಿಗೇ ನುಗ್ಗೀತು. ಫಿಲ್ಟರ್ ಎರಡು ಇಟ್ಟುಕೊಳ್ಳಿ. 24 ಗಂಟೆ ಒಣಗಿಸಿ ಎಂದು ಕೈಪಿಡಿ ಬರೆದವರು ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆಯ ಪಕ್ಕದವರಲ್ಲ. ಮಳೆಗಾಲದಲ್ಲಿ ತೊಳೆಯುವುದಕ್ಕಿಂತ ತಟ್ಟಿ ಕೊಡವುವುದೇ ಲೇಸು. ಬಚ್ಚಲೊಲೆಯ ಬೂದಿಯನ್ನಂತೂ ಇದರಿಂದ ಎಳೆಯಲೇಬೇಡಿ; ಕೆಂಡ ಉಳಿದಿದ್ದರೆ ಬೆಂಕಿ, ಆರಿದ್ದರೂ ಒಂದೇ ಸಲಕ್ಕೆ ಫಿಲ್ಟರ್ ಕಟ್ಟುತ್ತದೆ.

ಗಾಜನೂರು:
ಹಾಗಾದರೆ ನಾನು ತರಿಸಿದ ಆರು 3500ರ ಸೆಲ್‌ಗಳನ್ನು ಏನು ಮಾಡಲಿ ಮಾರಾಯರೇ?

ಬೆಸುಗೆಕಡ್ಡಿ:
ಮೊದಲು ತೂಕ ಹಾಕಿ ಹೇಳಿ. ಅಸಲಿಯಾಗಿದ್ದರೆ ತೋಟಕ್ಕೆ ಹೋಗುವ ಟಾರ್ಚಿಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.