ಪದ ಬೇಕಿತ್ತು: ಹೃದಯದ್ದು ಸ್ನಾಯುಕೋಶವೋ, ಸ್ನಾಯುತಂತುವೋ?

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನವೊಂದರ ಗೋಡೆಪಟ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಪಟದಲ್ಲಿ ಮೂರು ಚಿತ್ರ: ಮೂಳೆಗೆ ಅಂಟಿದ ಸ್ನಾಯು, ಕರುಳಿನ ಗೋಡೆಯದು, ಹೃದಯದ್ದು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಫೈಬರ್’, ಹೃದಯದ್ದಕ್ಕೆ ಒಂದು ಕಡೆ ‘ಸೆಲ್’, ಇನ್ನೊಂದು ಕಡೆ ‘ಫೈಬರ್’. ಸುಮ್ನೆ ಎಲ್ಲಕ್ಕೂ ‘ತಂತು’ ಅಂತ ಹಾಕಿಬಿಡಲೇ? ‘ಸ್ಲೋ ಟ್ವಿಚ್’, ‘ಫಾಸ್ಟ್ ಟ್ವಿಚ್’ (ನಿಧಾನವಾಗಿ, ಬೇಗ ಸಂಕುಚಿಸುವ ಸ್ನಾಯುತಂತುಗಳು) ಇವಕ್ಕೂ ಪದ ಬೇಕು. ಹಳೇ ಕರಡಿನಲ್ಲಿ ‘ಮಂದಸ್ಫುರಣ ತಂತು’ ಅಂತಿದೆ, ನನಗೇ ತಿಳಿಯಲಿಲ್ಲ. ಚಿತ್ರದ ಪಕ್ಕ ಎರಡು ಪದಕ್ಕಿಂತ ಜಾಸ್ತಿ ಹಿಡಿಸದು.

ಮರು: ಪದ ಬೇಕಿತ್ತು

ಮೊದಲು ‘ಸ್ನಾಯು’ ತೆಗೆಯಿರಿ. ಸುಶ್ರುತ ಸಂಹಿತೆಯಲ್ಲಿ ಸ್ನಾಯು 900, ಪೇಶಿ 500. ಎರಡೂ ಒಂದೇ ಆಗಿದ್ದರೆ ಬೇರೆ ಬೇರೆ ಎಣಿಸುತ್ತಿದ್ದರೇ? ಸ್ನಾಯು ಅಂದರೆ ಕಟ್ಟಿ ಹಿಡಿಯುವ ನಾರು. ಮಾಂಸದ್ದು ಪೇಶಿ. ‘ಹೃತ್ಪೇಶೀಕೋಶ’ ಅಂತ ಹಾಕಿ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಮರು: ಪದ ಬೇಕಿತ್ತು

> ಚರ್ಚೆಗೆ ಜಾಗವಿಲ್ಲ.

ಇದೆ ಸಾರ್. ಹಿಂದಿಯಲ್ಲಿ ಪೇಶಿ ಅಂದರೆ ನೀವು ಹೇಳಿದ್ದೇ. ಮರಾಠಿಯಲ್ಲಿ ಪೇಶಿ ಅಂದರೆ ಜೀವಕೋಶ, ಸ್ನಾಯು ಅಂದರೆ ನಮ್ಮ ಸ್ನಾಯುವೇ. ನಿಮ್ಮ ‘ಹೃತ್ಪೇಶೀಕೋಶ’ ಅವರ ಕಿವಿಗೆ ‘ಹೃದಯದ ಕೋಶದ ಕೋಶ’. ಪದ ಎಲ್ಲಿ ಹುಟ್ಟಿತು ಅನ್ನುವುದು ಬೇರೆ, ಇವತ್ತು ಓದುವವನಿಗೆ ಏನು ತಲುಪುತ್ತದೆ ಅನ್ನುವುದು ಬೇರೆ. ಕನ್ನಡದ ಪಾಠಪುಸ್ತಕದಲ್ಲಿ ಸ್ನಾಯು ನೆಲೆನಿಂತಾಗಿದೆ. ಬಿಡಿ.

ಕೇಳಿದ್ದಕ್ಕೆ ಬರೋಣ. ಮೇಡಂ, ಎಲ್ಲಕ್ಕೂ ‘ತಂತು’ ಬೇಡ. ಮೂಳೆಗೆ ಅಂಟಿದ ಸ್ನಾಯುವಿನಲ್ಲಿ ಒಂದು ತಂತು ಅಂದರೆ ಒಂದೇ ಕೋಶ. ಭ್ರೂಣದಲ್ಲಿ ಚಿಕ್ಕ ಚಿಕ್ಕ ಕೋಶಗಳು ಬೆಸೆದುಕೊಂಡು ಅದು ಆಗಿರುತ್ತದೆ. ಅದಕ್ಕೇ ಒಳಗೆ ನೂರಾರು ಕೋಶಕೇಂದ್ರ, ಅವೂ ಅಂಚಿಗೆ ಸರಿದಿರುತ್ತವೆ. ಉದ್ದ ಹಲವು ಸೆಂಟಿಮೀಟರ್ ಇರಬಹುದು. ಹೃದಯದ ಕೋಶ ಹಾಗಲ್ಲ. ಉದ್ದ ಸುಮಾರು 100 ಮೈಕ್ರೋಮೀಟರ್, ಕೇಂದ್ರ ಒಂದೋ ಎರಡೋ, ನಡುವೆ ಇರುತ್ತವೆ. ತುದಿಯಲ್ಲಿ ಕವಲೊಡೆದು ಪಕ್ಕದ ಕೋಶಗಳಿಗೆ ಕೂಡಿಕೊಳ್ಳುತ್ತದೆ. ಹೀಗೆ ತುದಿಗೆ ತುದಿ ಸೇರಿದ ಸಾಲನ್ನೇ ಇಂಗ್ಲಿಷಿನವರು ಅಲ್ಲಿ ಫೈಬರ್ ಅನ್ನುವುದು. ನಿಮ್ಮ ಚಿತ್ರದಲ್ಲಿ ಕೋಶಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಕಪ್ಪು ಗೆರೆ ಇರಬೇಕು, ನೋಡಿ. ಅದೇ ಗಡಿ. ಮೊದಲು ಇಡೀ ಹೃದಯಸ್ನಾಯು ಗಡಿಯಿಲ್ಲದ ಒಂದೇ ಮುದ್ದೆ ಅಂದುಕೊಂಡಿದ್ದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ಗೆರೆಯಲ್ಲಿ ಕೋಶಪೊರೆಗಳನ್ನು ತೋರಿಸಿದ ಮೇಲೆ ಮಾತು ಮುಗಿಯಿತು. ಆ ಗಡಿಯಲ್ಲಿರುವ ಗ್ಯಾಪ್ ಜಂಕ್ಷನ್‌ಗಳ (ಕೋಶದಿಂದ ಕೋಶಕ್ಕೆ ಇರುವ ಸಣ್ಣ ಕಿಂಡಿಗಳ) ಮೂಲಕ ವಿದ್ಯುತ್ ಸಂಕೇತ ದಾಟುತ್ತದೆ. ಬೇರೆ ಬೇರೆ ಕೋಶಗಳಾದರೂ ಒಟ್ಟಿಗೆ ಬಡಿಯುತ್ತವೆ.

ಆದ್ದರಿಂದ ಮೊದಲನೆಯದಕ್ಕೆ ‘ಸ್ನಾಯುತಂತು’, ಹೃದಯದ್ದಕ್ಕೆ ‘ಹೃದಯಸ್ನಾಯು ಕೋಶ’. ಕರುಳಿನದೂ ಕೋಶವೇ: ಕದಿರಿನ ಆಕಾರ, ಒಂದೇ ಕೇಂದ್ರ, ಪಟ್ಟೆಯಿಲ್ಲ.

ಮರು: ಪದ ಬೇಕಿತ್ತು (ಕನ್ನಡದ್ದು!)

ಸ್ನಾಯುವೂ ಸಂಸ್ಕೃತ, ಪೇಶಿಯೂ ಸಂಸ್ಕೃತ. ನಡುವೆ ಜಗಳ ಬೇರೆ. ‘ಗುಂಡಿಗೆ ಕಂಡ’ ಅನ್ನಿ, ಕಂಡ ಅಂದರೆ ಮಾಂಸ. ತಂತುವಿಗೆ ಎಳೆ. ಸ್ಲೋ ಟ್ವಿಚ್‌ಗೆ ‘ಮೆಲ್ಲೆಳೆ’, ಫಾಸ್ಟಿಗೆ ‘ಬಿರುಸೆಳೆ’.

ಮರು: ಪದ ಬೇಕಿತ್ತು (ಕನ್ನಡದ್ದು!)

‘ಗುಂಡಿಗೆ ಕಂಡ’ ಅಂದರೆ ಏನು ಕಂಡ, ಯಾವ ಗುಂಡಿಗೆ ಅಂತ ಕೇಳುತ್ತಾರೆ. ಅಲ್ಲದೆ ಕಂಡ ‘ಖಂಡ’ದ ತದ್ಭವ. ಸಂಸ್ಕೃತವನ್ನು ಮುಂಬಾಗಿಲಿನಿಂದ ಅಟ್ಟಿ ಹಿತ್ತಿಲಿನಿಂದ ಕರೆದಂತಾಯಿತು.

ಮರು: ಪದ ಬೇಕಿತ್ತು (ಕನ್ನಡದ್ದು!)

ತದ್ಭವ ಕನ್ನಡವೇ. ಮಹಾಪ್ರಾಣ ಕಳಚಿದ ಮೇಲೆ ಅದು ನಮ್ಮದು. ಮೈಟೋಕಾಂಡ್ರಿಯದಂಥ ಹೊರಗಿನ ಪದ ಬಂದರೆ ಸುಮ್ಮನಿರುತ್ತೀರಿ, ಕಂಡ ಅಂದರೆ ಉರಿ. ಎಂಥ ನ್ಯಾಯ?

ಮರು: ಪದ ಬೇಕಿತ್ತು

‘ಎಳೆ’ ನನಗೆ ಹಿಡಿಸಿತು. ‘ಮೆಲ್ಲೆಳೆ’ ಅಂದರೆ ಮೆಲ್ಲಗೆ ಎಳೆ ಅನ್ನುವ ಅಪ್ಪಣೆಯಂತಿದೆ, ಅಲ್ವಾ? ‘ನಿಧಾನ ಎಳೆ’, ‘ಚುರುಕು ಎಳೆ’ ಅಂದರೆ? ಇನ್ನೊಂದು: ಹೃದಯದೊಳಗೆ ಸಂಕೇತ ಒಯ್ಯುವ ಎಳೆಗಳಿಗೆ ಕರಡಿನಲ್ಲಿ ‘ಪರ್ಕಿಂಜಿ ನರತಂತು’ ಅಂತಿದೆ. ಹಾಗೇ ಬಿಡಲೇ?

ಮರು: ಪದ ಬೇಕಿತ್ತು

ಖಂಡಿತ ಬಿಡಬೇಡಿ. ವಿಜ್ಞಾನಿ ಪರ್ಕಿಂಜಿ 1839ರಲ್ಲಿ ವಿವರಿಸಿದ ಆ ಎಳೆಗಳು ನರವಲ್ಲ, ಮಾರ್ಪಟ್ಟ ಹೃದಯಸ್ನಾಯು ಕೋಶಗಳು. ಸಂಕೇತ ಒಯ್ಯುವುದೇ ಅವುಗಳ ಕೆಲಸ, ಅದಕ್ಕೆ ಎಲ್ಲರೂ ನರ ಅಂದುಕೊಳ್ಳುತ್ತಾರೆ. ‘ಪರ್ಕಿಂಜಿ ಎಳೆ’ ಸಾಕು.

ನಿಧಾನ, ಚುರುಕು ಎರಡೂ ಸರಿ. ಸ್ನಾಯುವನ್ನು ಎಳೆಯುವ ಪ್ರೋಟೀನ್ ಮಯೋಸಿನ್, ಶಕ್ತಿ ಕೊಡುವ ಎಟಿಪಿ ಅಣುವನ್ನು ಎಷ್ಟು ಬೇಗ ಒಡೆಯುತ್ತದೆ ಅನ್ನುವುದರ ಮೇಲೆ ಆ ವೇಗ ನಿಂತಿದೆ, ಸ್ಫುರಣ ಗಿರಣ ಏನೂ ಬೇಡ. ಜಾಗ ಸಿಕ್ಕಿದರೆ ‘ಕೆಂಪು’, ‘ಬಿಳಿಚು’ ಅಂತಲೂ ಸೇರಿಸಿ. ನಿಧಾನದವುಗಳಲ್ಲಿ ಆಮ್ಲಜನಕ ಹಿಡಿದಿಡುವ ಕೆಂಪು ಪ್ರೋಟೀನ್ ಮಯೋಗ್ಲೋಬಿನ್ ಜಾಸ್ತಿ, ಬೇಗ ಸುಸ್ತಾಗುವುದಿಲ್ಲ. ಆದರೆ ಈ ವಿಂಗಡಣೆ ಮೂಳೆಯ ಸ್ನಾಯುವಿಗೆ ಮಾತ್ರ, ಬಾಣದ ಗುರುತು ಹೃದಯದ ಕಡೆ ಹೋಗದಿರಲಿ.

ಮರು: ಪದ ಬೇಕಿತ್ತು

ಕಳಿಸಿದೆ: ಸ್ನಾಯು ಎಳೆ (ನಿಧಾನ, ಚುರುಕು), ಹೃದಯಸ್ನಾಯು ಕೋಶ, ಪರ್ಕಿಂಜಿ ಎಳೆ. ಎಲ್ಲರಿಗೂ ಥ್ಯಾಂಕ್ಸ್. ಸಹಾಯ ಮಾಡಿದವರ ಹೆಸರು ಪಟದ ಕೆಳಗೆ ಹಾಕುತ್ತಿದ್ದೇವೆ.

ಮರು: ಪದ ಬೇಕಿತ್ತು

ಪೇಶಿ ಇಲ್ಲದ ಪಟಕ್ಕೆ ನನ್ನ ಹೆಸರು ಬೇಡ.