ಶೈತ್ಯದಲ್ಲಿ ಸಂಗ್ರಹವೋ, ಶೈತ್ಯದ ಸಂಗ್ರಹವೋ?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಒಂದು ವಾಣಿಜ್ಯ ಕಟ್ಟಡದ ಏಸಿ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ರಾತ್ರಿ ಚಿಲ್ಲರ್ (ತಂಪು ಮಾಡುವ ಯಂತ್ರ) ಓಡಿಸಿ ತೊಟ್ಟಿಯೊಳಗೆ ಮಂಜುಗಡ್ಡೆ ಕಟ್ಟಿಸುತ್ತಾರೆ. ಮರುದಿನ ಮಧ್ಯಾಹ್ನ ಅದು ಕರಗುತ್ತ ಮಹಡಿಗಳನ್ನು ತಂಪಾಗಿಡುತ್ತದೆ. ಬಿಸಿಲೇರಿದ ಹೊತ್ತಿಗೆ ಕರೆಂಟಿನ ಮೇಲೆ ಹೊರೆ ಕಡಿಮೆ. ಇದಕ್ಕೆ ‘ಶೈತ್ಯ ಸಂಗ್ರಹ’ ಎಂದು ಬರೆದು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಸೋದರಮಾವನಿಗೆ ಓದಿ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: “ಎಷ್ಟ ಚೀಲ ಹಿಡೀತಾವೋ ಅದರಾಗ?”

ತಪ್ಪು ಅವರದಲ್ಲ. ಮೆಣಸಿನಕಾಯಿಯ ಬಣ್ಣ ಇಳಿಯಬಾರದೆಂದು ಚೀಲಗಟ್ಟಲೆ ಶೈತ್ಯಾಗಾರದಲ್ಲಿ ಇಡುವ ಊರು ಅದು. ಅಲ್ಲಿ ಮೆಣಸಿನಕಾಯಿ ಸರಕು, ತಂಪು ಬರೀ ಕಾವಲಿಗೆ. ನನ್ನ ತೊಟ್ಟಿಯಲ್ಲಿ ತಂಪೇ ಸರಕು. ಸಮಾಸ ಮಾಡಿದೊಡನೆ ವಿಭಕ್ತಿ ಮಾಯವಾಗಿ, ಸಪ್ತಮಿಯೋ ಷಷ್ಠಿಯೋ ಗೊತ್ತಾಗದೆ ಹೋಯಿತು.

‘ಥಂಡಿ’ ಹಾಕೋಣವೆಂದರೆ ನಮ್ಮ ಕಡೆ ಥಂಡಿ ಎಂದರೆ ನೆಗಡಿಯೂ ಹೌದು. ‘ಥಂಡಿ ಸಂಗ್ರಹ’ ಎಂದು ಫಲಕ ಹಾಕಿದರೆ ಜನ ಮೂಗು ಒರೆಸಿಕೊಂಡಾರು. ‘ಚಳಿ’ ಮೈಗೆ ಹತ್ತುವುದು, ತೊಟ್ಟಿಗಲ್ಲ. ಉಳಿದದ್ದು ‘ತಂಪು’.

ಬಿಸಿಯ ಕಡೆ ಇಷ್ಟು ಪೇಚಾಟವಿಲ್ಲ, ‘ಕಾವು’ ಇದೆ. ಬಚ್ಚಲ ಹಂಡೆ ಒಲೆ ಆರಿದ ಮೇಲೂ ಕಾವು ಹಿಡಿದಿರುತ್ತದೆ. ಕೋಳಿ ಕಾವಿಗೆ ಕೂಡುತ್ತದೆ. ಮಾಳಿಗೆಯ ಮೇಲಿನ ಸೋಲಾರ್ ಟ್ಯಾಂಕು ಮಾಡುವುದೂ ಹಂಡೆಯ ಕೆಲಸವೇ. 200 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಿದರೆ ಸುಮಾರು 8 ಯೂನಿಟ್ ಕರೆಂಟಿನಷ್ಟು ಕಾವು ಅದರಲ್ಲಿ ಕೂತಿರುತ್ತದೆ. ಅದಕ್ಕೆ ‘ಕಾವುಗಣಜ’, ಅಂದರೆ ಕಾವಿನ ಕಣಜ, ಸಾಕು ಎಂದು ನನ್ನ ಅನಿಸಿಕೆ.

ಹಾಗಾದರೆ ‘ತಂಪುಗಣಜ’? ಅದಕ್ಕಿಂತ ನನ್ನ ಮನಸ್ಸು ಎಳೆಯುತ್ತಿರುವುದು ‘ಹಗೇವು’ ಕಡೆಗೆ. ಜೋಳ ತುಂಬಿ, ಬಾಯಿ ಮುಚ್ಚಿ, ಬೇಕಾದಾಗ ತೆಗೆಯುವ ನೆಲದೊಳಗಿನ ಹಗೇವು ಧಾರವಾಡ, ಗದಗ ಸೀಮೆಯ ಹಿರಿಯರಿಗೆ ಗೊತ್ತು. ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಇರುತ್ತದೆ ಎಂದು ಅಜ್ಜ ಹೇಳುತ್ತಿದ್ದದ್ದು ನೆನಪಿದೆ. ಬೇಸಿಗೆಯ ಕಾವನ್ನು ಕೊಳವೆಬಾವಿಗಳ ಮೂಲಕ ನೆಲಕ್ಕೆ ಇಳಿಸಿ ಚಳಿಗಾಲಕ್ಕೆ ಎತ್ತಿಕೊಳ್ಳುವ ಪದ್ಧತಿ ಯುರೋಪಿನಲ್ಲಿದೆಯಲ್ಲ, ಅದಕ್ಕಂತೂ ‘ಹಗೇವು’ ಹೇಳಿ ಮಾಡಿಸಿದ ಹಾಗಿದೆ. ಆದರೆ ಮಹಡಿಯ ಮೇಲೆ ಕೂತ ತೊಟ್ಟಿಯನ್ನು ಹಗೇವು ಎಂದರೆ ಒಪ್ಪುತ್ತೀರಾ?

ಒಂದು ಪಕ್ಕದ ಮಾತು. ಏಸಿ ರಿಪೇರಿಯವರು ‘ಒಂದೂವರೆ ಟನ್’ ಎನ್ನುವುದು ಪೆಟ್ಟಿಗೆಯ ತೂಕವಲ್ಲ. ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಕಾವೇ ಒಂದು ಟನ್, ಅಂದರೆ ಮೂರೂವರೆ ಕಿಲೋವ್ಯಾಟ್. ಮಂಜುಗಡ್ಡೆಯ ಲೆಕ್ಕ ಮೊದಲಿಂದಲೂ ನಮ್ಮ ಬಾಯಲ್ಲೇ ಇತ್ತು! ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕು. ಅಷ್ಟರಲ್ಲಿ ಅದೇ ತೂಕದ ನೀರು 80 ಡಿಗ್ರಿ ಏರುತ್ತದೆ. ಶಾಲೆಯಲ್ಲಿ ಓದಿದ ‘ಗುಪ್ತೋಷ್ಣ’ ಇದೇ. ಈ ಪದ ಚೆನ್ನಾಗಿದೆ, ಬದಲಿಸುವುದು ಬೇಡ.

ನಿಜವಾದ ತೊಡಕು ಕ್ರಿಯಾಪದದ್ದು. ಇಂಗ್ಲಿಷ್ ಕೈಪಿಡಿಯಲ್ಲಿ ‘ಚಾರ್ಜ್’, ‘ಡಿಸ್ಚಾರ್ಜ್’ ಎಂದಿದೆ. ಹಗೇವಿನ ದಾರಿಯಲ್ಲಿ ಹೋದರೆ ರಾತ್ರಿ ‘ತುಂಬು’, ಹಗಲು ‘ತೆಗೆ’. ಆದರೆ ರಾತ್ರಿ ತೊಟ್ಟಿಯಿಂದ ನಿಜಕ್ಕೂ ಹೊರಗೆ ಹೋಗುವುದು ಕಾವು. ತಂಪು ಎಂಬ ವಸ್ತು ಎಲ್ಲಿಂದಲೋ ಬಂದು ಕೂರುವುದಿಲ್ಲ. ಕರಡು ಓದಿದ ಇಂಜಿನಿಯರ್ ಗೆಳೆಯ ‘ತಂಪು ತುಂಬು’ ಎಂಬಲ್ಲಿ ಕೆಂಪು ಗೆರೆ ಎಳೆದು ‘ಕಾವು ತೆಗೆ’ ಎಂದು ತಿದ್ದಿದ. ಭೌತಶಾಸ್ತ್ರ ಅವನ ಪರ. ಆದರೆ ವಾಲ್ವ್ ತಿರುಗಿಸುವ ಹುಡುಗನಿಗೆ ರಾತ್ರಿಯೂ ‘ತೆಗೆ’, ಹಗಲೂ ‘ತೆಗೆ’ ಎಂದರೆ ಅವನು ಯಾವುದನ್ನು ತಿರುಗಿಸಬೇಕು? ಹಾಗಾಗಿ ನಾನು ‘ತಂಪು ತುಂಬು’ ಪರವೇ. ಬೆಳಕೂ ವಸ್ತುವಲ್ಲ, ಆದರೂ ಮನೆ ತುಂಬ ಬೆಳಕು ಎನ್ನುತ್ತೇವೆ.

ನಿಮ್ಮ ಕಡೆ ಐಸ್ ಫ್ಯಾಕ್ಟರಿಯವರು, ಕುಲ್ಫಿ ಮಾಡುವವರು ಇದಕ್ಕೆ ಬೇರೆ ಮಾತು ಆಡುತ್ತಿದ್ದರೆ ದಯವಿಟ್ಟು ತಿಳಿಸಿ. ತೊಟ್ಟಿಯ ಮೇಲಿನ ಫಲಕ ಒಂದೂವರೆ ಅಡಿ ಅಗಲ ಅಷ್ಟೇ, ಉದ್ದನೆಯ ಸಮಾಸ ಹಿಡಿಯುವುದಿಲ್ಲ.